ಗುರುವಾರ ಬನ್ನಿ

1

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಕೂಪನ್ನಿನಿಂದ ಶುರು ಮಾಡಿದರೆ ಜಾಹೀರಾತು ಅಂದುಕೊಂಡು ಪುಟ ಮಗುಚುತ್ತೀರಿ. ಕಿವಿಯಿಂದ ಶುರು ಮಾಡಿದರೆ ಯಾರೋ ಡಾಕ್ಟರು ಬರೆದ ಆರೋಗ್ಯ ಅಂಕಣ ಅಂದುಕೊಳ್ಳುತ್ತೀರಿ. ಬಡಗಿಯ ಹೆಂಡತಿಯ ಗಂಟಲಿನಿಂದ ಶುರು ಮಾಡೋಣವೆಂದರೆ ನನಗೇ ಧೈರ್ಯ ಸಾಲದು. ಕಥೆಗೆ ನೋವಿರುವುದು ಅಲ್ಲೇ. ಮೊದಲ ಸಾಲಿನಲ್ಲೇ ಅಲ್ಲಿ ಕೈಯಿಡುವುದು ಒರಟುತನ.

ಆದ್ದರಿಂದ ವ್ಯಾಪಾರಸ್ಥರ ದಾರಿ ಹಿಡಿಯುತ್ತೇನೆ. ನಿಮಗೊಂದು ಕೂಪನ್ ಕೊಡುತ್ತೇನೆ, ತಗೊಳ್ಳಿ.

[ಈ ಕಥೆಯನ್ನು ಪೂರ್ತಿ ಓದಿದವರಿಗೆ ನೆಮ್ಮದಿಯ ಒಂದು ಮುಕ್ತಾಯ ಉಚಿತ. ಷರತ್ತುಗಳು ಅನ್ವಯಿಸುತ್ತವೆ.]

ಕತ್ತರಿಸಿ ಜೇಬಿನಲ್ಲಿ ಇಟ್ಟುಕೊಳ್ಳಿ. ಕೊನೆಯಲ್ಲಿ ತೋರಿಸಿ, ಕೊಡುತ್ತೇನೆ. ನನ್ನ ಮುಖ ನೋಡಿದರೆ ಮೋಸಗಾರನ ಹಾಗೆ ಕಾಣುತ್ತದೆಯೇ? (ಕಾಣುವುದಿಲ್ಲ. ನನ್ನ ಮುಖವೇ ನಿಮಗೆ ಕಾಣುವುದಿಲ್ಲವಲ್ಲ. ವ್ಯಾಪಾರಕ್ಕೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು.)

2

ಮೊದಲ ಡ್ರಾಫ್ಟಿನಲ್ಲಿ ಒಬ್ಬ ಖಳನಾಯಕನಿದ್ದ. ಅಂಗಡಿ ಮಾಲೀಕ. ಮುಂದಕ್ಕೆ ಬಂದ ಹೊಟ್ಟೆ, ಬೆರಳಿಗೊಂದು ಉಂಗುರ, ಗಹಗಹಿಸಿ ನಗು. ಬರೆಯುವಾಗ ಬಹಳ ಖುಷಿಯಾಗಿತ್ತು. ಮಾರನೆಯ ದಿನ ಓದಿ ಹರಿದುಹಾಕಿದೆ. ಅಂಥವನೊಬ್ಬ ಸಿಕ್ಕಿಬಿಟ್ಟರೆ ನೀವೂ ಬಚಾವ್, ನಾನೂ ಬಚಾವ್. ಊರಿನ ಪಾಪವನ್ನೆಲ್ಲ ಅವನ ಹೊಟ್ಟೆಯ ಮೇಲೆ ಹೇರಿ ಕೈ ತೊಳೆದುಕೊಳ್ಳಬಹುದು.

ಎರಡನೇ ಡ್ರಾಫ್ಟಿನ ಮಾಲೀಕ ತೆಳ್ಳಗಿನ, ಸಂಭಾವಿತ ಮನುಷ್ಯ. ಕೌಂಟರಿನವಳ ಮಗಳಿಗೆ ಜ್ವರ ಬಂದಾಗ ರಜೆ ಕೊಟ್ಟು, ಮೇಲೆ ಹಣ್ಣು ಕಳಿಸಿದವನು. ಅವನದು ಕಿವಿಯಂತ್ರದ ಅಂಗಡಿ. ವ್ಯಾಪಾರ ಬಿದ್ದುಹೋಗಿತ್ತು. ಪತ್ರಿಕೆಯ ಮಡಿಕೆಯೊಳಗೆ ಬಣ್ಣಬಣ್ಣದ ಕರಪತ್ರ ಹಾಕಿಸಿದ: ಈ ಕೂಪನ್ ತಂದವರಿಗೆ ಒಂದು ಕಿವಿಗೆ ಯಂತ್ರ ಉಚಿತ. ಕೊಡುವ ಯೋಚನೆ ಅವನಿಗೆ ಮೊದಲಿನಿಂದಲೂ ಇರಲಿಲ್ಲ. ಜನ ಒಳಗೆ ಬರಲಿ, ಬಂದವರಲ್ಲಿ ಕೈಲಾದವರು ಕೊಂಡುಕೊಳ್ಳಲಿ, ಆಗದವರನ್ನು ನೋಯಿಸದೆ ಹೊರಗೆ ಕಳಿಸಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎಲ್ಲರೂ ಮಾಡುವುದು ಇದನ್ನೇ ತಾನೇ, ನಾನೇನು ಹೊಸದಾಗಿ ಮಾಡಿದ್ದೇ ಅನ್ನುತ್ತಾನೆ. ಅದೂ ನಿಜವೇ.

ಆ ನೋಯಿಸದೆ ಕಳಿಸುವ ಕೆಲಸ ಕೌಂಟರಿನವಳದು. ಮಾಲೀಕ ಅವಳನ್ನು ಕರೆಯುವುದು ಬೆಣ್ಣೆ ಎಂದು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಗಿರಾಕಿಯನ್ನು ಬಾಗಿಲಾಚೆ ತೆಗೆದಿಡುತ್ತಾಳೆ ಅಂತ. ಕಳಿಸಿಕೊಂಡವರು ಹೋಗುವಾಗ ಇವಳಿಗೇ ಥ್ಯಾಂಕ್ಸ್ ಹೇಳಿ ಹೋಗುತ್ತಾರೆ. ಕಥೆ ಇವಳದು.

3

ಅಂಗಡಿಯೊಳಗೆ ಬನ್ನಿ. ಗಾಜಿನ ಬಾಗಿಲ ಮೇಲೆ ನಗುತ್ತಿರುವ ಮುದಿ ಗಂಡಹೆಂಡಿರ ಚಿತ್ರ. ಕೌಂಟರಿನ ಮೇಲೆ ರಬ್ಬರಿನದೊಂದು ದೊಡ್ಡ ಕಿವಿ, ಯಂತ್ರ ಒಳಗೆ ಹೇಗೆ ಕೂರುತ್ತದೆಂದು ತೋರಿಸಲಿಕ್ಕೆ. ಬೆಣ್ಣೆ ದಿನಾ ಬೆಳಿಗ್ಗೆ ಅದನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾಳೆ, ಮಗಳ ಕಿವಿ ತೊಳೆಯುವ ಹಾಗೆ ಮಡಿಕೆಮಡಿಕೆಗೂ ಬೆರಳು ಹಾಕಿ. ಹಿಂದೆ ಕಿವಿ ಪರೀಕ್ಷೆಯ ಸಣ್ಣ ಕೋಣೆ. ಗೋಡೆಗೆಲ್ಲ ಸ್ಪಂಜು, ದಪ್ಪ ಬಾಗಿಲು. ಒಳಗೆ ಕೂತು ಯಾರಾದರೂ ಕಿರುಚಿಕೊಂಡರೂ ಹೊರಗೆ ಕೇಳಿಸದು. ಸದ್ಯಕ್ಕೆ ಅದರ ತುಂಬ ಮಿಕ್ಕ ಕರಪತ್ರಗಳ ಕಟ್ಟುಗಳಿವೆ. ಪರೀಕ್ಷೆಯನ್ನು ಕೌಂಟರಿನಲ್ಲೇ ಮಾಡಿ ಮುಗಿಸುತ್ತಾರೆ.

ಮಾಲೀಕ ಬೆಣ್ಣೆಗೆ ಕಲಿಸಿದ ಪಾಠ ಇಷ್ಟು. ಇಲ್ಲ ಅನ್ನಬಾರದು. ನಗು ಇಳಿಸಬಾರದು. ದನಿ ಏರಿಸಲೇಬಾರದು, ಯಾಕೆಂದರೆ ಪಕ್ಕದ ಕುರ್ಚಿಯಲ್ಲಿ ದುಡ್ಡು ಕೊಟ್ಟು ಕೊಳ್ಳುವವರು ಕೂತಿರುತ್ತಾರೆ, ಕೂಪನ್ನಿನ ರಗಳೆ ಅವರ ಕಿವಿಗೆ ಬೀಳಬಾರದು. ಮೆಲ್ಲಗೆ, ಹತ್ತಿರ ಬಾಗಿ, ಸ್ಟಾಕ್ ಮುಗಿದಿದೆ, ಈ ಸ್ಕೀಮು ಇನ್ನು ಬರೋದು ಅನುಮಾನ, ಆದ್ರೂ ವಿಚಾರಿಸ್ತೀನಿ, ಗುರುವಾರ ಬನ್ನಿ ಅನ್ನಬೇಕು. ಗುರುವಾರವೇ ಯಾಕೆ? ಒಂದು ಕಾಲದಲ್ಲಿ ಸಾಮಾನಿನ ವ್ಯಾನು ಗುರುವಾರ ಬರುತ್ತಿತ್ತಂತೆ. ಈಗ ವ್ಯಾನು ಯಾವಾಗಲೋ ಬರುತ್ತದೆ, ಗುರುವಾರ ಮಾತ್ರ ಉಳಿದುಕೊಂಡಿದೆ.

ಚಪ್ಪಲಿ ಅಂಗಡಿಯಲ್ಲೋ ಬಟ್ಟೆ ಅಂಗಡಿಯಲ್ಲೋ ಈ ವಿದ್ಯೆ ಸಲೀಸಾಗಿ ನಡೆಯುತ್ತದೆ. ಇದು ಕಿವಿಯ ಅಂಗಡಿ, ಸ್ವಾಮಿ. ಇಲ್ಲಿಗೆ ಬರುವವರಿಗೆ ಕೇಳಿಸುವುದಿಲ್ಲ! ಮೆಲ್ಲಗೆ ಆಡಿದ ಮಾತಿನಲ್ಲಿ ಅವರಿಗೆ ದಕ್ಕುವುದು ಆಡುವ ತುಟಿ, ಒಂದು ನಗು, ಎಲ್ಲೋ ಒಂದು ಗುರುವಾರ. ಇನ್ನೊಮ್ಮೆ ಹೇಳಿ ಅನ್ನಲು ಅವರಿಗೆ ನಾಚಿಕೆ. ಎಷ್ಟು ಸಲ ಅಂತ 'ಆಂ?' ಅನ್ನುವುದು? ಎದುರಿನವರು ಮುಖ ಸಿಂಡರಿಸುವುದನ್ನು ಅವರು ಬೇಕಾದಷ್ಟು ನೋಡಿದ್ದಾರೆ. ಹಾಗಾಗಿ ಕೇಳಿಸಿದವರ ಹಾಗೆ ತಲೆಯಾಡಿಸುತ್ತಾರೆ. ಅವರು ತಲೆಯಾಡಿಸಿದ್ದನ್ನು ನೋಡಿ, ಸದ್ಯ, ಅರ್ಥವಾಯಿತಲ್ಲ ಎಂದು ಇವಳೂ ತಲೆಯಾಡಿಸುತ್ತಾಳೆ.

ಇಷ್ಟು ದಿನ ಅಂಗಡಿ ನಡೆದದ್ದು ಈ ತಲೆಯಾಟದ ಮೇಲೆ.

4

ಬಡಗಿ ಗರಗಸದ ಮಿಷನ್ನಿನ ಪಕ್ಕದಲ್ಲೇ ಬದುಕು ಕಳೆದವನು. ಕಿವಿ ಒಂದೇ ದಿನಕ್ಕೆ ಹೋಗಲಿಲ್ಲ. ಮೊದಲು ಹಕ್ಕಿಗಳು ಹೋದವು, ಆಮೇಲೆ ಬಾಗಿಲು ತಟ್ಟುವ ಸದ್ದು ಹೋಯಿತು, ಕೊನೆಗೆ ಹೆಂಡತಿಯ ದನಿ. ಅವಳೂ ಅವನ ಜೊತೆ ಅದೇ ಶೆಡ್ಡಿನಲ್ಲಿ ಹಲಗೆ ಉಜ್ಜಿ ಪಾಲಿಶ್ ಹಾಕುವವಳು. ಸಂಸಾರಕ್ಕೇನೂ ಅಡ್ಡಿಯಾಗಲಿಲ್ಲ. ಹೇಳಬೇಕಾದ್ದನ್ನು ಅವಳು ಕೆಲಸದ ಮೇಜಿನ ಈ ತುದಿಯಲ್ಲಿ ತಟ್ಟುತ್ತಾಳೆ, ಆ ತುದಿಯಲ್ಲಿ ಅವನ ಅಂಗೈ ಮರದ ಮೇಲಿರುತ್ತದೆ. ಗೆಣ್ಣಿನಿಂದ ತಟ್ಟಿದರೆ ಊಟಕ್ಕೆ ಏಳು, ಅಂಗೈಯಿಂದ ತಟ್ಟಿದರೆ ಗಿರಾಕಿ ಬಂದಿದ್ದಾರೆ, ಉಗುರಿನಿಂದ ಕೆರೆದರೆ ಅವಳಿಗೆ ಸಿಟ್ಟು ಬಂದಿದೆ. ಉಗುರು ಕೆರೆದ ದಿನ ಅವನು ಬೇಕೆಂದೇ ಕೈಯನ್ನು ಮೇಜಿನಿಂದ ಎತ್ತಿ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದನಂತೆ.

[ಇಲ್ಲಿ ಜಾಣ ಓದುಗರೊಬ್ಬರು ಕೈಯೆತ್ತುತ್ತಾರೆ: ಎಲ್ಲಾ ಸರಿಯಾಗೇ ಇದೆಯಲ್ಲ, ಮತ್ತೆ ಯಂತ್ರ ಯಾಕೆ? ಇಳಿಸಿ ಸ್ವಾಮಿ ಕೈ. ಅದನ್ನು ಅವನೇ ಹೇಳುತ್ತಾನೆ.]

ಕೂಪನ್ ಹಿಡಿದು ಮೊದಲ ಸಲ ಬಂದಾಗ ಅವನು ಹೇಳಿದ್ದು ಇಡೀ ಅಂಗಡಿಗೆ ಕೇಳಿಸಿತು. ತನ್ನ ದನಿ ಎಷ್ಟು ದೊಡ್ಡದೆಂದು ಅವನಿಗೆ ಗೊತ್ತಾಗುವುದಿಲ್ಲ.

"ನನ್ನಾಕೆಗೆ ಗಂಟಲಲ್ಲಿ ಗಡ್ಡೆ ತಾಯಿ. ಬರೋ ತಿಂಗಳು ಆಪರೇಷನ್ನು. ಧ್ವನಿಪೆಟ್ಟಿಗೇನೇ ತೆಗೆದುಬಿಡ್ತಾರಂತೆ. ಜೀವಕ್ಕೇನೂ ಭಯ ಇಲ್ಲ ಅಂದಿದಾರೆ, ಮಾತು ಮಾತ್ರ ಹೋಗುತ್ತೆ. ಅಷ್ಟರೊಳಗೆ ಒಂದ್ಸಲ ಅವಳ ದನಿ ಕೇಳಬೇಕಿತ್ತು."

ಯಂತ್ರ ಹಾಕಿದರೆ ಕೇಳಿಸುತ್ತದೆಂದು ಡಾಕ್ಟರು ಹೇಳಿದ್ದರು. ಯಂತ್ರವಿಲ್ಲದೆಯೂ ಕಿವಿಗೆ ಬಾಯಿಟ್ಟು ಜೋರಾಗಿ ಕೂಗಿದರೆ ಕೇಳಿಸೀತು, ಆದರೆ ಅವಳ ಗಂಟಲಿಗೆ ಈಗ ಕೂಗುವ ತ್ರಾಣವಿಲ್ಲ. ಕೊಂಡುಕೊಳ್ಳೋಣವೆಂದರೆ ಕೈಯಲ್ಲಿದ್ದದ್ದೆಲ್ಲ ಆಸ್ಪತ್ರೆಗೆ ಹೋಗಿತ್ತು. ಆಗ ಪತ್ರಿಕೆಯಿಂದ ಈ ಕೂಪನ್ ಜಾರಿ ಕಾಲ ಮೇಲೆ ಬಿತ್ತು.

ಬೆಣ್ಣೆ ಕೂಪನ್ನನ್ನು ಎರಡು ಸಲ ಓದಿದಳು. ಆದರೂ ಹತ್ತಿರ ಬಾಗಿ, ನಕ್ಕು, ಮೆಲ್ಲಗೆ ಪಾಠ ಒಪ್ಪಿಸಿದಳು. ಬಡಗಿ ತಲೆಯಾಡಿಸಿದ. ಅವನ ಮುಖ ಅರಳಿದ್ದನ್ನು ನೋಡಿ ಅವಳಿಗೆ ಆಶ್ಚರ್ಯವಾಯಿತು. ಬಹಳ ಒಳ್ಳೆಯ ಮನುಷ್ಯ, ಎಷ್ಟು ಬೇಗ ಅರ್ಥಮಾಡಿಕೊಂಡ ಎಂದುಕೊಂಡಳು.

ಬಡಗಿ ಮನೆಗೆ ಹೋಗಿ ಹೆಂಡತಿಗೆ ಹೇಳಿದ: ಮಾಡ್ತಿದಾರೆ, ಗುರುವಾರ ಕೊಡ್ತಾರೆ.

4 (ಮತ್ತೆ)

ಅವನು ಗುರುವಾರ ಬಂದ. ಮುಂದಿನ ಗುರುವಾರವೂ ಬಂದ. ಕ್ಷೌರ ಮಾಡಿಸಿಕೊಂಡು, ಕಿವಿಯ ಮೇಲಿನ ಕೂದಲನ್ನು ನೀಟಾಗಿ ತೆಗೆಸಿಕೊಂಡು ಬಂದ, ಯಂತ್ರ ಕೂರಿಸಲು ತೊಂದರೆಯಾಗಬಾರದು ಅಂತ. ಬೆಣ್ಣೆಗೆ ವಿಷಯ ಹೊಳೆದದ್ದು ಆ ಬೋಳು ಕಿವಿ ನೋಡಿದಾಗ. ಅಯ್ಯೋ ದೇವರೇ, ಇವರಿಗೆ ನಾನು ಹೇಳಿದ್ದೇ ಕೇಳಿಸಿಲ್ಲ. ಅಷ್ಟೇ ಅಲ್ಲ, ಇಷ್ಟು ದಿನ ಬಂದವರಲ್ಲಿ ಯಾರಿಗೂ ಕೇಳಿಸಿಲ್ಲ. ಥ್ಯಾಂಕ್ಸ್ ಹೇಳಿ ಹೋದವರೆಲ್ಲ ಯಾವುದಕ್ಕೆ ಹೇಳಿದರು?

ಆಗ ಅವಳಿಗೆ ಸ್ಪಂಜಿನ ಕೋಣೆ ನೆನಪಾಯಿತು. ಇವರನ್ನು ಒಳಗೆ ಕೂರಿಸಿ, ಬಾಗಿಲು ಹಾಕಿ, ಗಂಟಲು ಹರಿಯುವ ಹಾಗೆ ಕೂಗಿ ಹೇಳಬಹುದು: ಇಲ್ಲ ಯಜಮಾನ್ರೇ, ಕೊಡಲ್ಲ, ಯಾವ ಗುರುವಾರಾನೂ ಕೊಡಲ್ಲ. ಹೋಗಿ ಬಾಗಿಲು ಎಳೆದಳು. ಕರಪತ್ರದ ಕಟ್ಟುಗಳು ಜರಿದು ಕಾಲ ಮೇಲೆ ಬಿದ್ದವು. ಮಾಲೀಕ ಏನಮ್ಮಾ ಬೇಕಿತ್ತು ಎಂದು ಕೇಳಿದ. ಏನಿಲ್ಲ ಸರ್ ಎಂದಳು. ಕಟ್ಟುಗಳನ್ನು ಮತ್ತೆ ಜೋಡಿಸಿ ಬರುವಷ್ಟರಲ್ಲಿ ಬಡಗಿ ರಬ್ಬರ್ ಕಿವಿಗೆ ನಮಸ್ಕಾರದ ಹಾಗೇನೋ ಮಾಡಿ, ನಗುತ್ತ ಹೊರಟುಹೋಗಿದ್ದ.

ಆ ಸಂಜೆ ಮನೆಯಲ್ಲಿ ಅವಳು ಮಗಳ ಮೇಲೆ ವಿನಾಕಾರಣ ರೇಗಾಡಿದಳು. ಅತ್ತೆ ಒಳಗಿನಿಂದ, ಅಂಗಡೀಲಿ ಬೆಣ್ಣೆ ಅಂತಾರಂತೆ, ಮನೇಲಿ ಯಾಕೆ ತಮಟೆ ಎಂದರು. ಬೆಣ್ಣೆಗೆ ಅಳು ಬಂತು.

5

ಇಲ್ಲಿ ನಾನು ಮಧ್ಯೆ ಬಾಯಿ ಹಾಕಿದೆ. ಕೌಂಟರಿನ ಮೇಲೆ ಡೆಮೊ ಯಂತ್ರ ಒಂದಿದೆ, ಗಿರಾಕಿಗಳ ಕಿವಿಗೆ ಹಾಕಿ ತೋರಿಸುವುದು. ಅದನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಪರ್ಸಿನಲ್ಲಿ ಹಾಕಿಕೊಂಡು ಬಡಗಿಯ ಶೆಡ್ಡಿಗೆ ಹೋಗು ಎಂದು ಬೆಣ್ಣೆಗೆ ಹೇಳಿದೆ. ಆ ದೃಶ್ಯ ಬರೆದೂ ಇಟ್ಟಿದ್ದೆ. ಬಹಳ ಚೆನ್ನಾಗಿ ಬಂದಿತ್ತು. ಯಂತ್ರ ಕಿವಿಗೆ ಕೂರುತ್ತದೆ, ಹೆಂಡತಿ ಬಾಯಿ ತೆರೆಯುತ್ತಾಳೆ, ಹೊರಗಿನ ಮರದಲ್ಲಿ ಹಕ್ಕಿ ಬೇರೆ ಕೂಗುತ್ತದೆ. (ಹಕ್ಕಿ ನೋಡಿ. ನನಗೇ ನಾಚಿಕೆಯಾಯಿತು.)

ಬೆಣ್ಣೆ ಒಪ್ಪಲಿಲ್ಲ.

"ಕೆಲಸ ಹೋದ್ರೆ ನೀವು ಕೊಡ್ತೀರಾ?" ಎಂದಳು. "ಮಗಳ ಸ್ಕೂಲ್ ಫೀಸು ನೀವು ಬಂದು ಕಟ್ತೀರಾ? ನಿಮಗೇನ್ರೀ, ಪೆನ್ನು ಎತ್ತಿಟ್ಟು ಊಟಕ್ಕೆ ಹೋಗ್ತೀರಿ. ಡೆಮೊ ಹಗಲೆಲ್ಲ ಸರ್ ಕಣ್ಣೆದುರೇ ಇರುತ್ತೆ, ಸಂಜೆ ಬೀಗದ ಒಳಗೆ ಹೋಗುತ್ತೆ, ಬೀಗದಕೈ ಸರ್ ಹತ್ರ ಇರುತ್ತೆ. ಅದೂ ಗೊತ್ತಿಲ್ಲ ನಿಮಗೆ."

ನಿಜಕ್ಕೂ ಗೊತ್ತಿರಲಿಲ್ಲ. ಹಾಗಾದರೆ ಮಾಲೀಕನನ್ನೇ ಕೇಳು, ಒಳ್ಳೆಯವನು ತಾನೇ ಎಂದೆ. ಕೇಳಿದೆ, ಎಂದಳು. ಒಬ್ಬರಿಗೆ ಕೊಟ್ಟರೆ ನಾಳೆ ಬಾಗಿಲಲ್ಲಿ ಕ್ಯೂ ನಿಲ್ಲುತ್ತದಮ್ಮಾ, ನನಗೂ ಬೇಜಾರೇ ಅಂದನಂತೆ. ಅಂದಾಗ ಅವನ ಕಣ್ಣಲ್ಲಿ ನೀರಿತ್ತಂತೆ. ಆ ಮುಖಕ್ಕೆ ಬಯ್ಯಲೂ ಆಗಲಿಲ್ಲ ಎಂದಳು.

ಹಕ್ಕಿಯ ದೃಶ್ಯವನ್ನು ಬುಟ್ಟಿಗೆ ಹಾಕಿದೆ.

6

[ಈ ಭಾಗ ಸ್ಟಾಕಿನಲ್ಲಿಲ್ಲ.]

7

ಆಪರೇಷನ್ ಬುಧವಾರಕ್ಕೆ ನಿಗದಿಯಾಯಿತು. ಹಿಂದಿನ ದಿನ ಮಂಗಳವಾರ ಬಡಗಿ ಅಂಗಡಿಗೆ ಬಂದ. ಗುರುವಾರದವರೆಗೆ ಕಾಯಲು ಇನ್ನು ಆಗುತ್ತಿರಲಿಲ್ಲ. ಈ ಸಲ ಒಬ್ಬನೇ ಬರಲಿಲ್ಲ. ಯಂತ್ರ ಕಿವಿಗೆ ಬಿದ್ದ ತಕ್ಷಣ ಮೊದಲು ಕೇಳಿಸುವುದು ಅವಳ ಮಾತೇ ಆಗಿರಲಿ ಎಂದು ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದ. ಸಣ್ಣ ಜೀವ. ಕುತ್ತಿಗೆಗೆ ಸುತ್ತಿದ ಬಟ್ಟೆ, ಬೆರಳ ಸಂದಿಗಳಲ್ಲಿ ಹೋಗದೆ ಉಳಿದ ಪಾಲಿಶಿನ ಕಂದು ಬಣ್ಣ. ಒಳ್ಳೆಯ ಸೀರೆ ಉಟ್ಟಿದ್ದಳು.

ಪಕ್ಕದ ಕುರ್ಚಿಗಳಲ್ಲಿ ಒಂದು ದೊಡ್ಡ ಕುಟುಂಬವೇ ಕೂತಿತ್ತು. ಅವರ ಅಜ್ಜನ ಕಿವಿಗೆ ಡೆಮೊ ಹಾಕಿ, ಎರಡೂ ಕಿವಿಗೆ ಒಳ್ಳೆಯ ಕಂಪನಿಯ ಯಂತ್ರ ತೋರಿಸುತ್ತಿದ್ದ ಮಾಲೀಕ, ಬೆಣ್ಣೆಯತ್ತ ಒಮ್ಮೆ ನೋಡಿದ. ಅಷ್ಟೇ ಸಾಕಾಯಿತು. ಬೆಣ್ಣೆ ಬಾಗಿದಳು, ನಕ್ಕಳು, ಮೆಲ್ಲಗೆ ಹೇಳಿದಳು: ಸ್ಟಾಕ್ ಮುಗಿದಿದೆ ಯಜಮಾನ್ರೇ, ಈ ಸ್ಕೀಮು ಇನ್ನು ಬರೋದು ಅನುಮಾನ, ಆದ್ರೂ ವಿಚಾರಿಸ್ತೀನಿ, ಗುರುವಾರ ಬನ್ನಿ.

ಬಡಗಿ ತಲೆಯಾಡಿಸಿದ.

ಹೆಂಡತಿ ಆಡಿಸಲಿಲ್ಲ. ಅವಳ ಕಿವಿಗೆ ಏನೂ ಆಗಿರಲಿಲ್ಲ. ಪ್ರತಿ ಮಾತೂ ಅವಳಿಗೆ ಕೇಳಿಸಿತ್ತು. ಮಾಡುತ್ತಿದ್ದಾರೆ, ಗುರುವಾರ ಕೊಡುತ್ತಾರೆ ಎಂದು ಗಂಡ ಪ್ರತಿ ವಾರ ತಂದು ಹೇಳುತ್ತಿದ್ದ ಸುದ್ದಿ ಹುಟ್ಟಿದ್ದು ಎಲ್ಲಿ ಎಂಬುದು ಅವಳಿಗೆ ಅಲ್ಲೇ, ನಿಂತ ನಿಲುವಿನಲ್ಲೇ ಗೊತ್ತಾಗಿಹೋಯಿತು. ಬೆಣ್ಣೆಯ ಮುಖವನ್ನೇ ನೋಡಿದಳು. ಗಂಟಲಿಗೆ ಆಯಾಸ ಮಾಡಬೇಡಿ, ಇರುವ ದನಿಯನ್ನು ಉಳಿಸಿಕೊಳ್ಳಿ ಎಂದು ಡಾಕ್ಟರು ತಾಕೀತು ಮಾಡಿದ್ದರು. ಉಳಿಸಿಕೊಂಡೇ ಬಂದಿದ್ದಳು, ಗಂಡನಿಗಾಗಿ. ಕೌಂಟರಿನ ಮೇಲೆ ಕೈಯೂರಿ ಬಾಯಿ ತೆರೆದಳು.

"ನೀನು ಹೇಳಿದ್ದು ನನಗೆ ಕೇಳಿಸ್ತು ಮಗಳೇ. ಅವರಿಗೆ ಕೇಳಿಸೋ ಹಾಗೆ ಹೇಳು."

[ಇಲ್ಲಿ ಅವಳ ದನಿ ಹೇಗಿತ್ತೆಂದು ಬರೆಯಬೇಕು. ಜಾಗ ಬಿಟ್ಟಿದ್ದೇನೆ. ಆಮೇಲೆ ತುಂಬುತ್ತೇನೆ.]

ಬೆಣ್ಣೆಯ ನಗು ಮುಖದ ಮೇಲೆ ಹಾಗೇ ನಿಂತಿತು, ಇಳಿಸುವುದು ಮರೆತುಹೋಗಿತ್ತು. ಕೂಗಬೇಕು. ಒಂದೇ ಒಂದು ಸಲ ಕೂಗಿ ಇಲ್ಲ ಅಂದರೆ ಮುಗಿಯಿತು. ಕುಟುಂಬದವರು ತಿರುಗಿ ನೋಡುತ್ತಾರೆ, ಮಾಲೀಕ ಏಳುತ್ತಾನೆ, ನಾಳೆಯಿಂದ ಬರಬೇಡಮ್ಮಾ ಅನ್ನುತ್ತಾನೆ, ಅದನ್ನೂ ಬಹಳ ಮೆಲ್ಲಗೆ ಅನ್ನುತ್ತಾನೆ. ರಬ್ಬರ್ ಕಿವಿಯನ್ನು ಸರಿಸಿ ನೆಟ್ಟಗಿಟ್ಟಳು.

"ಗುರುವಾರ ಬನ್ನಿ ಅಮ್ಮಾ," ಎಂದಳು. ಅಂಗಡಿಯಲ್ಲಿ ಅವಳು ಅಷ್ಟು ಮೆಲ್ಲಗೆ ಎಂದೂ ಮಾತಾಡಿರಲಿಲ್ಲ.

ಬಡಗಿ ಇಬ್ಬರ ಮುಖವನ್ನೂ ನೋಡುತ್ತಿದ್ದ, ಏನಂತೆ ಎಂದು ಕಣ್ಣಲ್ಲೇ ಕೇಳುತ್ತಿದ್ದ. ಅವನ ಕೈ ಕೌಂಟರಿನ ಮೇಲಿತ್ತು. ಹೆಂಡತಿ ಅವನಿಗೆ ಹೇಳಬಹುದಿತ್ತು. ಉಗುರಿನಿಂದ ಒಮ್ಮೆ ಕೆರೆದಿದ್ದರೆ ಅವನಿಗೆ ಎಲ್ಲಾ ತಿಳಿಯುತ್ತಿತ್ತು. ಹಾಗೆ ಮಾಡಲಿಲ್ಲ. ಅವನ ಮುಖ ನೋಡಿ, ಹೂಂ, ಗುರುವಾರ, ಎಂಬಂತೆ ತಲೆಯಾಡಿಸಿದಳು.

ಇಬ್ಬರೂ ಮೆಟ್ಟಿಲು ಇಳಿದರು. ಅವನು ಅವಳ ತೋಳು ಹಿಡಿದಿದ್ದ.

8

ಗುರುವಾರ ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆಯೇ ಬಡಗಿ ಮೆಟ್ಟಿಲ ಮೇಲೆ ಕೂತಿದ್ದ. ಬನ್ನಿ ಅಂದಿದ್ದರಲ್ಲ, ಬಂದಿದ್ದ. ಕೂಪನ್ ತಂದಿರಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು ಎಂದ. ಹಾಸಿಗೆಯ ಪಕ್ಕದ ಕಬ್ಬಿಣದ ಸರಳಿನ ಮೇಲೆ ಬೆರಳಿನಿಂದ ತಟ್ಟಿ ನೀರು ಕೇಳಿದಳು ಎಂದ. ಕಬ್ಬಿಣ ಮರದ ಹಾಗಲ್ಲ, ಕೈಗೆ ತಣ್ಣಗಾಗುತ್ತದೆ ಎಂದ. ಆಮೇಲೆ ರಬ್ಬರ್ ಕಿವಿಯ ಮೇಲೆ ಒಮ್ಮೆ ಕೈಯಾಡಿಸಿದ. ಬೆಣ್ಣೆ ಬೈಗುಳಕ್ಕೆ ಕಾಯುತ್ತಿದ್ದಳು. ಬೈದರೆ ಸಾಕಾಗಿತ್ತು, ಎದೆ ಹಗುರಾಗುತ್ತಿತ್ತು.

"ಮಿಷನ್ನು ಇನ್ನು ಬೇಡ ತಾಯಿ," ಎಂದ. "ಅವತ್ತು ಅವಳು ನಿಮ್ಮ ಹತ್ರ ಮಾತಾಡಿದ್ಲಲ್ಲ, ತುಟಿ ಆಡಿದ್ದು ನೋಡ್ದೆ. ಮನೇಗ್ ಹೋದ್ಮೇಲೆ ಬಾಯಿ ತೆಗೀಲೇ ಇಲ್ಲ, ಸುಸ್ತಾಗಿತ್ತು. ನೀವೇ ಕಡೆಯೋರು ಕೇಳಿದ್ದು. ಹೇಗಿತ್ತು ಅವಳ ದನಿ?"

ಕೇಳಿ, ಕಿವಿಯ ಹಿಂದೆ ಅಂಗೈ ಬಾಗಿಸಿ ಹಿಡಿದ.

9

ಈಗ ಬೆಣ್ಣೆ ನನ್ನ ಕಡೆ ತಿರುಗಿದ್ದಾಳೆ. ಏನು ಹೇಳಲಿ, ಬರೆಯೋರು ನೀವಲ್ವಾ ಅನ್ನುತ್ತಾಳೆ.

ಚೆನ್ನಾಗಿತ್ತು, ಗಂಟೆಯ ಹಾಗಿತ್ತು ಅಂತ ಕೂಗಿ ಹೇಳಿಬಿಡು ಎಂದೆ. ಅದೂ ಒಂದು ಗುರುವಾರವೇ ಅಲ್ಲವಾ ಎಂದಳು. ಹಾಗಾದರೆ ನಿಜ ಹೇಳು ಎಂದೆ. ನಿಜ ಹೇಳಿದರೆ ದನಿಯ ಜೊತೆಗೆ ಮಾತನ್ನೂ ಹೇಳಬೇಕಾಗುತ್ತದೆ, ಆ ಅಮ್ಮ ಅಂದದ್ದನ್ನೂ ನಾನು ಅಂದದ್ದನ್ನೂ. ಅವರ ಹೆಂಡತಿ ಮುಚ್ಚಿಟ್ಟದ್ದನ್ನು ನಾನು ಯಾವ ಬಾಯಿಂದ ಬಿಚ್ಚಲಿ ಎಂದಳು. ಏನೂ ಹೇಳಬೇಡ, ಕೌಂಟರಿನ ಮೇಲೆ ಅಂಗೈಯಿಂದ ಮೆಲ್ಲಗೆ ತಟ್ಟು, ಅವನಿಗೆ ಅರ್ಥವಾಗುತ್ತದೆ, ಓದುಗರಿಗೂ ಇಷ್ಟವಾಗುತ್ತದೆ ಎಂದೆ. ಬೆಣ್ಣೆ ನನ್ನನ್ನು ನೋಡಿದ ನೋಟವನ್ನು ನಾನು ಮರೆಯುವುದಿಲ್ಲ. ಅದು ಅವರಿಬ್ಬರ ಮನೆಮಾತು, ಅದನ್ನೂ ಕದಿಯಲಾ ಎಂದಳು.

ಹೋಗಲಿ, ದನಿ ಹೇಗಿತ್ತು ಅಂತ ನೀವಾದ್ರೂ ಬರೆದಿದ್ದೀರಾ, ಅದನ್ನೇ ಓದಿ ಹೇಳ್ತೀನಿ ಎಂದಳು. ಹಿಂದಕ್ಕೆ ಮಗುಚಿ ನೋಡಿದೆ. ಅಲ್ಲಿ ಜಾಗ ಬಿಟ್ಟಿದ್ದು ಹಾಗೇ ಇದೆ. ಆಮೇಲೆ ತುಂಬುತ್ತೇನೆ ಎಂದಿದ್ದೆ. ತುಂಬುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ. ಆವತ್ತೂ ಇರಲಿಲ್ಲ.

ನೀವು ಜೇಬಿನಿಂದ ಕೂಪನ್ ತೆಗೆಯುತ್ತಿರುವುದು ಕಾಣಿಸುತ್ತಿದೆ. ಇರಲಿ, ಒಳಗಿಡಿ. ನೀವು ಕೇಳುವ ಮೊದಲೇ ನನಗೆ ನಗು ಬರುತ್ತಿದೆ, ನಾನು ನಿಮ್ಮ ಹತ್ತಿರ ಬಾಗುತ್ತಿದ್ದೇನೆ, ದನಿ ತಾನಾಗಿಯೇ ಇಳಿಯುತ್ತಿದೆ. ಎಷ್ಟು ಸುಲಭ ನೋಡಿ ಇದು. ನಿಮ್ಮ ಕಿವಿ ಚೆನ್ನಾಗಿದೆ ಅಂತ ನನಗೆ ಗೊತ್ತು. ಅದಕ್ಕೇ ಭಯ.

ಅಂಗಡಿಗೆ ಇನ್ನೂ ಬೇರೆ ಯಾರೂ ಬಂದಿಲ್ಲ. ಬಡಗಿ ಕಿವಿಗೆ ಕೈ ಹಿಡಿದೇ ನಿಂತಿದ್ದಾನೆ, ಕಣ್ಣು ಬೆಣ್ಣೆಯ ತುಟಿಯ ಮೇಲೆ. ಅವಳು ಎದೆ ತುಂಬ ಉಸಿರು ಎಳೆದುಕೊಂಡಿದ್ದಾಳೆ. ತುಟಿ ಅದುರುತ್ತಿದೆ.

ಬಡಗಿ ತಲೆಯಾಡಿಸುತ್ತಾನೆ. ಅವಳು ಇನ್ನೂ ಏನೂ ಹೇಳಿಲ್ಲ.